ಮಾವನ ಹೆಸರೆತ್ತದ ಪ್ರಾರ್ಥನೆ

ಮೊದಲ ಹಿಮ ಬಿದ್ದ ಬೆಳಿಗ್ಗೆಯೇ ಕೋಯ್ಚುಮಾನ್ ಮುದುಕನೂ ಬಿದ್ದ. ಕೊಟ್ಟಿಗೆಯ ಬಾಗಿಲು ತೆಗೆಯಲು ಹೋದವನು ಹುಲ್ಲಿನ ಮೆದೆಗೆ ಒರಗಿ ಕೂತುಬಿಟ್ಟಿದ್ದ. ಎಡಗೈ, ಎಡಗಾಲು, ಅರ್ಧ ಬಾಯಿ ಅವನ ಮಾತು ಕೇಳುವುದನ್ನು ನಿಲ್ಲಿಸಿದ್ದವು. ಹಾಲಿನ ಬಕೆಟ್ಟು ಹಿಡಿದು ಬಂದ ಸೊಸೆ ಬುರುಲ್ ಕಂಡಾಗ ಅವನ ಹುಬ್ಬಿನ ಮೇಲೆ, ಬಿಳಿ ಟೋಪಿಯ ಅಂಚಿನ ಮೇಲೆ ಹಿಮ ಕೂತಿತ್ತು. ಯಾವುದೋ ಒಳ್ಳೆಯ ಕನಸು ಕಾಣುತ್ತ ಕಿರುನಗೆ ಬೀರುವವನ ಹಾಗೆ ಅವನ ಬಾಯಿ ಒಂದು ಕಡೆಗೆ ವಾಲಿತ್ತು. ಬುರುಲ್‌ಗೆ ಒಂದು ಕ್ಷಣ ಅವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಆಮೇಲೆ ಬಕೆಟ್ಟು ಕೆಳಗಿಟ್ಟು "ಆತಾ, ಆತಾ" ಎಂದು ಭುಜ ಅಲುಗಿಸಿದಳು. ಆತಾ ಎಂದರೆ ಅಪ್ಪ. ಮಾವನನ್ನು ಅವಳು ಬೇರೆ ಯಾವ ಹೆಸರಿನಿಂದಲೂ ಕರೆದವಳಲ್ಲ, ಕರೆಯುವ ಹಾಗೂ ಇರಲಿಲ್ಲ.

ಕೊಚ್ಕೋರ್ ಬಯಲಿನ ಆ ಹಳ್ಳಿಗಳಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತುವುದಿಲ್ಲ. ಹೆಸರಿರಲಿ, ಹೆಸರಿನ ಒಳಗೆ ಅಡಗಿರುವ ಮಾತನ್ನೂ ಆಡುವುದಿಲ್ಲ. ಅಲ್ಲಿನ ಮಾತಿನಲ್ಲಿ ಕೋಯ್ ಎಂದರೆ ಕುರಿ. ಊರೆಲ್ಲ ಕುರಿ ಸಾಕಿಯೇ ಬದುಕುವ ಕಡೆ, ಕೋಯ್ಚುಮಾನನ ಮನೆಗೆ ಬಂದ ಬುರುಲ್ ಮದುವೆಯಾದಂದಿನಿಂದ ಕುರಿಯನ್ನು ಕುರಿ ಎನ್ನದೆಯೇ ದಿನ ದೂಡಿದ್ದಳು. "ಬ್ಯಾ ಅನ್ನೋವು ಹೊಳೆ ದಾಟಿದಾವೆ, ಅಪಾ" ಎಂದು ಅತ್ತೆಗೆ ಹೇಳುವಳು. "ಬ್ಯಾ ಅನ್ನೋದರ ಮಾಂಸ ಕುದೀತಾ ಇದೆ" ಎನ್ನುವಳು. ಭಾನುವಾರ ಬಾಕ್ತಿಗುಲಕ್ಕನ ಮನೆಯಲ್ಲಿ ಹೆಂಗಸರು ಪ್ರಾರ್ಥನೆಗೆ ಕೂಡಿದಾಗ, ಯೇಸು ಹೇಳಿದ ಕಳೆದುಹೋದ ಕುರಿಯ ಕಥೆಯನ್ನು ಹೇಳುವ ಸರದಿ ಒಮ್ಮೆ ಅವಳಿಗೆ ಬಂದಿತ್ತು. ಅಲ್ಲೂ ಅವಳು ತಡವರಿಸದೆ, "ತೊಂಬತ್ತೊಂಬತ್ತು ಬ್ಯಾ ಅನ್ನೋವನ್ನ ಬಿಟ್ಟು ಆ ಒಂದು ಬ್ಯಾ ಅನ್ನೋದನ್ನ ಹುಡುಕ್ಕೊಂಡು ಹೋದ" ಎಂದಿದ್ದಳು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಬಾಕ್ತಿಗುಲಕ್ಕ ಮಾತ್ರ, "ನಗಬೇಡ್ರೇ, ಕಳೆದದ್ದು ಏನೂಂತ ಹುಡುಕೋನಿಗೆ ಗೊತ್ತಿತ್ತು" ಎಂದು ತಾನೂ ನಕ್ಕಳು.

ಈ ಬಾಕ್ತಿಗುಲ್ ಹಳ್ಳಿಗೆ ಬಂದು ನೆಲೆಸುವ ಮೊದಲು ನರಿನ್ ಊರಿನ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಬುರುಲಳ ಚೊಚ್ಚಲ ಕೂಸು ತೊಟ್ಟಿಲು ಕಾಣುವ ಮೊದಲೇ ಹೋಗಿತ್ತು. ಬುರುಲ್ ಆ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಂದವರೆಲ್ಲ ಇನ್ನೊಂದು ಆಗುತ್ತೆ ಬಿಡು, ವಯಸ್ಸಿದೆ ಎಂದು ಹೇಳಿ ಹೋಗಿದ್ದರು. ಬಾಕ್ತಿಗುಲ್ ಒರೆಸುವ ಕೋಲನ್ನು ಗೋಡೆಗೆ ಆನಿಸಿ, ಒದ್ದೆ ಕೈಯನ್ನು ಮೇಲಂಗಿಗೆ ಒರೆಸಿಕೊಂಡು ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಳು. ಬುರುಲ್‌ಗೆ ಅವಳು ಏನೂ ಹೇಳಲಿಲ್ಲ. ಕೋಣೆಯಲ್ಲಿಯೇ ಇರುವ ಬೇರೆ ಯಾರಿಗೋ ಹೇಳುವ ಹಾಗೆ ಮೆಲ್ಲಗೆ, "ಇವಳು ಇಲ್ಲಿದಾಳೆ ನೋಡು" ಎಂದಳು, ಅಷ್ಟೇ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಹೊತ್ತು. ಕಿಟಕಿಯ ಬೆಳಕು ಬಿಳಿ ಉಣ್ಣೆಯ ಹಾಗೆ ಕೋಣೆಯಲ್ಲೆಲ್ಲ ತುಂಬಿತ್ತು. ಆ ಬೆಳಕಿನಲ್ಲಿ ನಿಜವಾಗಿಯೂ ಯಾರೋ ನಿಂತಿದ್ದಾರೆ, ತನ್ನ ಕಡೆಗೇ ನೋಡುತ್ತಿದ್ದಾರೆ ಎಂದು ಬುರುಲ್‌ಗೆ ಅನ್ನಿಸಿತು. ಹೊರಳಿ ನೋಡಲಿಲ್ಲ. ನೋಡಿದರೆ ಹೋಗಿಬಿಟ್ಟಾರು ಎಂಬ ಭಯ. ಯೇಸುವಿನ ಬಗ್ಗೆ ಕೇಳಿದ್ದು, ಕಲಿತದ್ದು, ತಲೆ ಬಾಗಿದ್ದು ಎಲ್ಲ ಆಮೇಲಿನದು. ಅವಳ ನಂಬಿಕೆಯ ಬೇರು ಆ ಕಿಟಕಿಯಲ್ಲಿತ್ತು.

ಮನೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ಮಗಳು ಮೇರಿಮ್ ಹುಟ್ಟಿ ನಡೆಯುವಂತಾದ ಮೇಲೆ ಒಂದು ಸಂಜೆ, ಟೀ ಬಗ್ಗಿಸುವ ಹೊತ್ತಿನಲ್ಲಿ ಹೇಳಿದಳು. ಗಂಡ ಮಕ್ಸಾತ್ ಕತ್ತು ತಗ್ಗಿಸಿದ. ಅತ್ತೆ ಸೋನುನ್ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಮಾವ ಬೈಯಲಿಲ್ಲ, ಕೂಗಲಿಲ್ಲ. ಅವಳು ಚಾಚಿದ ಕೈಯ ಮುಂದೆ ತನ್ನ ಟೀ ಬಟ್ಟಲನ್ನು ಮಗುಚಿಟ್ಟ. ಸೊಸೆ ಬಗ್ಗಿಸಿಕೊಡದೆ ಟೀ ಇಲ್ಲದ ಮನೆ ಅದು. ಅಂದಿನಿಂದ ಮುದುಕನಿಗೆ ಟೀ ಕೊಡುವ ಕೆಲಸ ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಸೊಸೆಯ ದೇವರಿಗಿಂತ ಅದೇ ದೊಡ್ಡ ತಾಪತ್ರಯ. "ನನ್ನ ಮಂಡಿ ಏಳಕ್ಕಾಗಲ್ಲ, ಮಣಿಕಟ್ಟು ಎತ್ತಕ್ಕಾಗಲ್ಲ. ನಿಮ್ಮಿಬ್ಬರ ಹಟದಲ್ಲಿ ನಾನು ಟೀ ಹುಯ್ದು ಹುಯ್ದೇ ಸಾಯ್ತೀನಿ" ಎಂದು ಒಲೆಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಈಗ ಮುದುಕ ಕಿಟಕಿಯ ಪಕ್ಕದ ಹಾಸಿಗೆಗೆ ಅಂಟಿಕೊಂಡ. ಮಕ್ಸಾತ್ ನರಿನ್ ದಾರಿಯಲ್ಲಿ ವ್ಯಾನು ಓಡಿಸುವವನು, ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಅತ್ತೆಯ ಕೈಯಲ್ಲಿ ಹೊರಳಿಸಿ ಮಲಗಿಸುವ ಕಸುವಿರಲಿಲ್ಲ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಉಣ್ಣಿಸುವುದು ಎಲ್ಲ ಬುರುಲಳ ಮೇಲೆ ಬಿತ್ತು. ಮಾವನ ಎದುರು ಬೆನ್ನು ತೋರಿಸಬಾರದು, ತಲೆಯ ಬಟ್ಟೆ ಜಾರಬಾರದು, ದನಿ ಏರಬಾರದು ಎಂದು ಬೆಳೆದವಳು ಅವನನ್ನು ಕಂಕುಳಲ್ಲಿ ಕೈಹಾಕಿ ಎತ್ತಬೇಕಾಯಿತು. ಮೊದಲ ದಿನ ಅವಳು ಚಮಚ ಹಿಡಿದಾಗ ಮುದುಕ ಬಾಯಿ ಬಿಗಿದ. ಸಾರು ಗಡ್ಡಕ್ಕೆ ಇಳಿಯಿತು. ಅತ್ತೆ ಬಾಗಿಲ ಬಳಿಯಿಂದಲೇ, "ಬಾಯಿ ತೆಗಿ ಮುದುಕಪ್ಪಾ. ಸಾರು ಕುದಿಸಿದೋಳು ನಾನು. ಚಮಚ ಒಂದೇ ಅವಳದು. ಅದು ಯಾರನ್ನೂ ಕ್ರೈಸ್ತರನ್ನಾಗಿ ಮಾಡಲ್ಲ" ಎಂದಳು. ಮುದುಕ ಬಾಯಿ ತೆರೆದ.

ಆ ಚಳಿಗಾಲ ಒಂದು ಉದ್ದನೆಯ ಜೋಂಪಿನ ಹಾಗಿತ್ತು. ಹೊರಗೆ ಹಿಮ, ಅದರ ಮೇಲೆ ಇನ್ನಷ್ಟು ಹಿಮ. ಒಲೆಯಲ್ಲಿ ಒಣ ಬೆರಣಿ ಕೆಂಪಗೆ ಉಸಿರಾಡುವುದು. ಕಿಟಕಿಯ ಗಾಜಿನಲ್ಲಿ ಬೆಟ್ಟಗಳು ಬುಡವಿಲ್ಲದೆ ತೇಲುವವು. ಬುರುಲ್ ನೆಲದ ಮೇಲೆ ಬಣ್ಣದ ಉಣ್ಣೆಗಂಬಳಿಯ ತುಂಡು ಹರವಿಕೊಂಡು ಹೊಲಿಯುತ್ತ ಕೂರುವಳು, ಮೇರಿಮ್ ಅದರ ಮೇಲೆ ಹೊರಳುವಳು, ಮುದುಕ ಕಣ್ಣು ಅರೆಮುಚ್ಚಿ ಎಲ್ಲೆಲ್ಲೋ ಹೋಗಿ ಬರುವನು. ಹಲವು ಸಲ ಅವನು ಸೊನ್‌ಕೋಲ್ ಸರೋವರದ ಬೇಸಿಗೆ ಹುಲ್ಲುಗಾವಲಿನಲ್ಲಿರುತ್ತಿದ್ದ. ವಾಲಿದ ಬಾಯಲ್ಲಿ ಮಾತು ಒದ್ದೆಯಾಗಿ ಬರುತ್ತಿತ್ತು.

"ಬಂದವಾ?" ಎಂದು ಕೇಳುವನು.

"ಬಂದವು, ಆತಾ. ಎಲ್ಲಾ ಬಂದವು."

"ಏನು ಬಂದವು?"

ಬುರುಲ್ ಸೂಜಿ ನಿಲ್ಲಿಸಿ, "ಅದೇ... ಬ್ಯಾ ಅನ್ನೋವು" ಎನ್ನುವಳು. ಮುದುಕನ ಎದೆಯೊಳಗೆ ಗುರ್ ಎಂದು ಏನೋ ಉರುಳುವುದು. ನಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಲು ಬಹಳ ದಿನ ಹಿಡಿಯಿತು.

ಅವನ ಅಣ್ಣ ಅಸಾನಾಲಿ ಬಂದದ್ದು ಚಳಿ ಇಳಿಯುವ ಹೊತ್ತಿಗೆ. ಆ ವಂಶಕ್ಕೆಲ್ಲ ಹಿರಿಯ ಅವನೇ, ಬುರುಲ್ ಅವನನ್ನು ದೊಡ್ಡಯ್ಯ ಎನ್ನುತ್ತಿದ್ದಳು. ಕೆಟ್ಟ ಮನುಷ್ಯನಲ್ಲ. ತಮ್ಮನ ಸತ್ತ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ಆಮೇಲೆ ಅಂಗಳಕ್ಕೆ ಬಂದು, ಕಣ್ಣೊರೆಸಿಕೊಂಡು, ಮಕ್ಸಾತ್‌ನನ್ನೂ ಬುರುಲಳನ್ನೂ ನಿಲ್ಲಿಸಿಕೊಂಡ. ಹಿರಿಯರ ಆತ್ಮಗಳು ಈ ಮನೆಯಿಂದ ಮುಖ ತಿರುಗಿಸಿವೆ, ಅದಕ್ಕೆ ಕಾರಣ ಯಾರೆಂದು ಊರಿಗೆಲ್ಲ ಗೊತ್ತಿದೆ ಎಂದ. ಹುಲ್ಲು ಚಿಗುರಿದ ಕೂಡಲೇ ಬೆಟ್ಟದ ಬುಡದ ಚಿಲುಮೆಯ ಬಳಿ ತಮ್ಮನಿಗಾಗಿ ಹರಕೆಯೂಟ ಇಡುತ್ತೇನೆ, ವಂಶದವರೆಲ್ಲ ಬರುತ್ತಾರೆ, ಅಲ್ಲಿ ಇವಳು ಎಲ್ಲರೆದುರು ಕಲಿಮಾ ಹೇಳಿ ನಮ್ಮ ಧರ್ಮಕ್ಕೆ ಹಿಂದಿರುಗಬೇಕು ಎಂದ. ಒಲ್ಲೆ ಎಂದರೆ ಅವಳ ತವರಿನ ದಾರಿ ತೆರೆದಿದೆ. ಮಗು ಮಾತ್ರ ನಮ್ಮದು, ಇಲ್ಲೇ ಇರುತ್ತದೆ.

ಮಕ್ಸಾತ್ ಬೂಟಿನ ತುದಿಯಿಂದ ಹಿಮ ಒದೆಯುತ್ತ ನಿಂತಿದ್ದ. ದೊಡ್ಡಪ್ಪನ ಎದುರು ಅವನು ಬಾಯಿ ತೆರೆದವನಲ್ಲ. ಹೆಂಡತಿಗೆ ಆಮೇಲೆ, "ಬರೀ ತುಟಿಯಲ್ಲಿ ಹೇಳಿಬಿಡು. ಒಳಗೆ ನಿಂದು ನಿಂಗೇ ಇರ್ಲಿ. ನಿನ್ನ ದೇವರು ಇಷ್ಟು ಚಿಕ್ಕ ಮನಸ್ಸಿನೋನಾ?" ಎಂದ. ಅವನು ಚುಚ್ಚಲು ಹೇಳಿದ್ದಲ್ಲ, ಬೇಡಿಕೊಂಡಿದ್ದ. ಅದಕ್ಕೇ ಆ ಮಾತು ಅವಳ ಒಳಗೆ ಉಳಿದುಕೊಂಡಿತು.

ಅವಳನ್ನು ಹೆಚ್ಚು ಕಾಡಿದ್ದು ದೊಡ್ಡಯ್ಯನ ಮೊದಲ ಮಾತು. ತನ್ನಿಂದಲೇ ಮಾವನಿಗೆ ಹೀಗಾಯಿತೇ? ಚೊಚ್ಚಲ ಮಗುವಿಗಾಗಿ ಯಾರನ್ನು ಬೇಡಬೇಕೆಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ, ದಿನವೂ ಬೇಡಿಯೂ ಮುದುಕನ ಎಡಗೈಯ ಒಂದು ಬೆರಳೂ ಅಲುಗಿರಲಿಲ್ಲ. ಹಿಟ್ಟು ನಾದುವಾಗ, ಹಾಲು ಕರೆಯುವಾಗ ಕೇಳುತ್ತಿದ್ದಳು: ಇಲ್ಲಿದ್ದೀಯಾ? ಕಿಟಕಿಯಲ್ಲಿ ಅದೇ ಉಣ್ಣೆಯಂಥ ಬೆಳಕು ತುಂಬುತ್ತಿತ್ತು. ಬೆಳಕು ಬೆಳಕಾಗಿಯೇ ಇತ್ತು, ಅದರಲ್ಲಿ ಯಾರೂ ಕಾಣುತ್ತಿರಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ. ಬಿಟ್ಟರೆ ದಿನವಿಡೀ ಮಾತಾಡಲು ಯಾರಿದ್ದರು?

ಬಾಕ್ತಿಗುಲಕ್ಕನ ಬಳಿ ಹೋಗಿ ಎಲ್ಲ ಹೇಳಿಕೊಂಡಳು. ಅಕ್ಕ ಗಟ್ಟಿಯಾಗಿರು ಎಂದು ಹುರಿದುಂಬಿಸಲಿಲ್ಲ. ನನಗೆ ಮಕ್ಕಳಿಲ್ಲ, ಮಗುವನ್ನು ಬಿಟ್ಟುಕೊಡು ಎಂದು ಹೇಳುವ ನಾಲಿಗೆ ನನಗಿಲ್ಲ ಎಂದಳು. ಆಮೇಲೆ, ರೋಗಿಯ ಹೆಸರೇನು, ಎಲ್ಲರೂ ಸೇರಿ ಬೇಡೋಣ ಎಂದಾಗ ಬುರುಲ್ ಎಂದಿನಂತೆ "ನಮ್ಮನೆ ದೊಡ್ಡೋರು" ಎಂದಳು. ಹೆಂಗಸರು ಹಾಗೆಯೇ ಬೇಡಿದರು.

ಹಿಮ ಕರಗಿ ಸೂರಿನಿಂದ ಹನಿ ಬೀಳತೊಡಗಿದ ಒಂದು ಮಧ್ಯಾಹ್ನ ಬುರುಲ್ ಮಾವನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆಚ್ಚಗಿನ ಕೊಬ್ಬು ತಿಕ್ಕುತ್ತಿದ್ದಳು. ಮೇರಿಮ್ ಅವನ ಕಾಲಿಗೆ ಆತು ನಿದ್ದೆಹೋಗಿದ್ದಳು. ಹನಿಗಳ ಸದ್ದು ಎಲ್ಲೋ ದೂರದಲ್ಲಿ ಕುದುರೆ ಹೆಜ್ಜೆ ಹಾಕಿದಂತೆ ಕೇಳುತ್ತಿತ್ತು. ಮುದುಕ ನಿದ್ದೆಯಲ್ಲಿದ್ದಾನೆ ಎಂದುಕೊಂಡು ಅವಳು ತುಟಿಯೊಳಗೇ ಪ್ರಾರ್ಥಿಸುತ್ತಿದ್ದಳು.

"ಯಾರಿಗೆ?" ಎಂದ ಮುದುಕ. ಕಣ್ಣು ತೆರೆದಿರಲಿಲ್ಲ.

ಅವಳ ಬೆರಳು ನಿಂತಿತು. "ನಿಮಗೇ, ಆತಾ."

"ಏನಂತ?"

"ನಮ್ಮನೆ ದೊಡ್ಡೋರಿಗೆ ಕೈ ಬರ್ಲಿ ಅಂತ. ನೋವು ಇಳೀಲಿ ಅಂತ."

ಮಾತನ್ನು ಮುದುಕ ಕೆಸರಿನಿಂದ ಬೂಟು ಕೀಳುವ ಹಾಗೆ ಒಂದೊಂದಾಗಿ ಕೀಳಬೇಕಿತ್ತು. "ಮನೆ ಮನೆಗೂ... ಒಬ್ಬ ದೊಡ್ಡೋನು ಇದಾನೆ. ಎಲ್ಲರಿಗೂ ಕೈ ನೋವು. ಅವನಿಗೆ ಹೆಂಗೆ ಗೊತ್ತಾಗ್ಬೇಕು, ಯಾವ ಮುದುಕ ಅಂತ? ಹೆಸರು ಹೇಳು."

"ಹೆಂಗೆ ಹೇಳ್ಲಿ, ಆತಾ..."

"ಹೇಳು ಮಗಳೇ. ನಾನೇ ಹೇಳ್ತಿದೀನಿ."

ಬುರುಲಳ ಮುಖಕ್ಕೆ ಬಿಸಿ ಏರಿತು. ಅವನನ್ನು ತೊಳೆದಿದ್ದಳು, ಒರೆಸಿದ್ದಳು, ಎತ್ತಿ ಕೂರಿಸಿದ್ದಳು. ಆಗೆಲ್ಲ ಆಗದ ನಾಚಿಕೆ ಈಗ ಆಯಿತು. ಕೊಬ್ಬಿನ ಕೈಯಿಂದಲೇ ತಲೆಯ ಬಟ್ಟೆಯನ್ನು ಹಣೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಎಳೆ ಮಗು ಕಲ್ಲಿನ ಮೇಲೆ ಕಾಲಿಡುವ ಹಾಗೆ ಹೇಳಿದಳು: "ಸ್ವಾಮಿ, ಕೋಯ್ಚುಮಾನ್‌ಗೆ ನೆಮ್ಮದಿ ಕೊಡು."

ಬಾಗಿಲಲ್ಲಿ ಬೆರಣಿಯ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ ಕೈ ಸಡಿಲಿಸಿದಳು, ಬೆರಣಿಗಳು ನೆಲದ ಮೇಲೆಲ್ಲ ಉರುಳಿದವು. ಮುದುಕನಿಗೆ ಅದು ಕೇಳಿಸಲೇ ಇಲ್ಲ. ಎಲ್ಲೋ ದೂರದ ಗುಡ್ಡದ ಮೇಲಿನಿಂದ ಕೂಗು ಕೇಳಿದವನ ಹಾಗೆ ಕತ್ತು ಓರೆ ಮಾಡಿ ಆಲಿಸುತ್ತಿದ್ದ. ಹೆಂಡತಿ ಅವನ ಹೆಸರೆತ್ತುವವಳಲ್ಲ, ಅಣ್ಣ ಲೇ ಎನ್ನುವನು, ಮಕ್ಕಳಿಗೆ ಆತಾ, ಊರಿಗೆ ಹಿರಿಯ. ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ ಎಂದೋ ಮಣ್ಣಾಗಿದ್ದರು.

"ಯಾರೋ ಕರೆದ ಹಾಗಾಯ್ತು" ಎಂದ ಮುದುಕ. ಸ್ವಲ್ಪ ಹೊತ್ತಿನ ಮೇಲೆ ನಿಜವಾಗಿಯೂ ನಿದ್ದೆಹೋದ.

ಅತ್ತೆ ಬೆರಣಿ ಆಯ್ದು ಬುಟ್ಟಿಗೆ ತುಂಬಿಕೊಂಡು, ಊರಲ್ಲಿ ಯಾರಿಗೂ ಹೇಳಬೇಡ ಎಂದಳು. ಕೈ ಮಾತ್ರ ಆಮೇಲೂ ಅಲುಗಲಿಲ್ಲ. ಆದರೆ ಬುರುಲ್‌ಗೆ ಒಂದು ವಿಷಯ ಆ ಮಧ್ಯಾಹ್ನ ತಿಳಿಯಾಯಿತು. ಬರೀ ತುಟಿಯಲ್ಲಿ ಹೇಳಿಬಿಡುವುದು ಅವಳಿಂದಾಗದು. ಒಂದು ಹೆಸರನ್ನು ಬಾಯಿಗೆ ತರಲು ಅಷ್ಟು ಒದ್ದಾಡಿದವಳು ಇನ್ನೊಂದು ಹೆಸರನ್ನು ಬಾಯಿಯಿಂದ ಹೇಗೆ ಅಷ್ಟು ಸಲೀಸಾಗಿ ಅಳಿಸಿಯಾಳು?

ಹರಕೆಯೂಟದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಮಕ್ಸಾತ್ ಅಪ್ಪನನ್ನು ಬೆನ್ನ ಮೇಲೆ ಹೊತ್ತು ಚಿಲುಮೆಯವರೆಗೆ ತಂದು, ಕಂಬಳಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ. ಕಡಾಯಿಯಲ್ಲಿ ಮಾಂಸ ಕುದಿಯಿತು, ಮುಲ್ಲಾ ಓದಿದರು, ಎಲ್ಲರೂ ಅಂಗೈ ಮುಖಕ್ಕೆ ಒತ್ತಿಕೊಂಡರು. ಬುರುಲ್ ಉಳಿದ ಸೊಸೆಯರ ಜೊತೆ ಕೆಳಗಿನ ಸಾಲಿನಲ್ಲಿ ಮೇರಿಮಳನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದಳು. ಎಳೆ ಹುಲ್ಲಿನ ವಾಸನೆ, ಹೊಗೆ, ನೀರಿನ ಸದ್ದು ಎಲ್ಲ ಬೇರೆ ಯಾರದೋ ನೆನಪಿನಿಂದ ಬಂದಂತಿದ್ದವು. ಅಸಾನಾಲಿ ಅವಳ ಕಡೆ ತಿರುಗಿ, ಹೇಳಮ್ಮಾ ಎಂದ. ದನಿಯಲ್ಲಿ ಗದರಿಕೆ ಇರಲಿಲ್ಲ.

ಬುರುಲ್ ಎದ್ದು ನಿಂತಳು. ಮಗುವನ್ನು ಇಳಿಸಲಿಲ್ಲ. "ನನ್ನಿಂದ ಆಗಲ್ಲ, ದೊಡ್ಡಯ್ಯ. ಸುಳ್ಳು ಹೇಳಿದ ಬಾಯಲ್ಲಿ ನಾಳೆ ಆತಾಗೋಸ್ಕರ ಏನಂತ ಬೇಡಲಿ?"

ಅಸಾನಾಲಿಯ ಮುಖ ಕಪ್ಪಿಟ್ಟಿತು. ಹಾಗಾದರೆ ಮಗುವನ್ನು ಅಜ್ಜಿಯ ಕೈಗೆ ಕೊಡು, ಮಕ್ಸಾತ್ ನಿನ್ನನ್ನು ತವರಿಗೆ ಬಿಟ್ಟು ಬರಲಿ ಎಂದ. ಮಕ್ಸಾತ್ ಏಳಲಿಲ್ಲ. ಅಷ್ಟು ಮಾತ್ರ ಅವನಿಂದಾಯಿತು, ದೊಡ್ಡಪ್ಪನ ಮಾತಿಗೆ ಎದ್ದು ನಿಲ್ಲದೆ ಕೂತೇ ಇದ್ದ.

ಮಾತಾಡಿದವಳು ಸೋನುನ್. ಮಂಡಿ ಹಿಡಿದುಕೊಂಡು, ಕೂತಲ್ಲಿಂದಲೇ, ಗಂಡನ ಅಣ್ಣ ಎಂದೂ ನೋಡದೆ ಹೇಳಿದಳು: "ಕಳಿಸಿ. ಸಂತೋಷ. ನಿಮ್ಮ ತಮ್ಮನ್ನೂ ನಿಮ್ಮನೆಗೇ ಎತ್ಕೊಂಡು ಹೋಗಿ. ಚಳಿಗಾಲ ಪೂರ್ತಿ ನಿಮ್ಮ ನಾಲ್ಕು ಸೊಸೆಯರಲ್ಲಿ ಒಬ್ಬಳಾದ್ರೂ ಅವರ ಬಟ್ಟೆ ಒಗೆದಿದ್ರೆ ಇಲ್ಲೇ ಹೇಳ್ಲಿ. ಬಂದ್ರು, ರೊಟ್ಟಿ ಇಟ್ರು, ಮೂಗು ಮುಚ್ಕೊಂಡು ಹೋದ್ರು."

ಸೊಸೆಯರ ಸಾಲಿನಲ್ಲಿ ತಲೆಗಳು ಬಾಗಿದವು. ಯಾರೋ ಕೆಮ್ಮಿದರು. ಅಷ್ಟರಲ್ಲಿ ಮುದುಕ ತನ್ನ ಬಲಗೈ ಎತ್ತಿ ಬುರುಲಳನ್ನು ಹತ್ತಿರ ಕರೆದ. ಅವನ ಮುಂದಿನ ತಟ್ಟೆಯಲ್ಲಿ ಸಣ್ಣಗೆ ಹೆಚ್ಚಿದ ಮಾಂಸ, ಹಿಟ್ಟಿನ ಎಳೆಗಳು ಇದ್ದವು. ಅಲ್ಲಿ ಊಟದ ಕೊನೆಗೆ ಹಿರಿಯರು ತಮ್ಮ ತಟ್ಟೆಯಿಂದ ಒಂದು ಹಿಡಿ ತೆಗೆದು ಮನೆಯ ಕಿರಿಯರ ಬಾಯಿಗೆ ತಾವೇ ಇಡುತ್ತಾರೆ. ಮನೆಯವರಿಗೆ ಮಾತ್ರ, ಹೊರಗಿನವರಿಗಿಲ್ಲ. ಮುದುಕ ಬೆರಳು ಕೂಡಿಸಿ ಹಿಡಿ ತುಂಬಿದ. ಅರ್ಧ ಮಡಿಲಿಗೆ ಚೆಲ್ಲಿತು. ಬುರುಲ್ ಮಂಡಿಯೂರಿದಳು.

ಒಂದು ಗಳಿಗೆ ಅವಳು ಹಿಂಜರಿದಳು. ಈ ಮಾಂಸದ ಮೇಲೆ ಮುಲ್ಲಾ ಪ್ರಾರ್ಥನೆ ಓದಿದ್ದಾರೆ, ಇದನ್ನು ತಿನ್ನಬಹುದೇ? ಬಾಕ್ತಿಗುಲಕ್ಕನ ಮನೆಯ ಹೆಂಗಸರಲ್ಲಿಯೇ ಕೆಲವರು ಬೇಡ ಎನ್ನುತ್ತಿದ್ದರು. ಆದರೆ ಕಣ್ಣೆದುರಿಗಿದ್ದುದು ಅವಳಿಗೆ ತಿಳಿದಿದ್ದ ಕೈ. ಅದರ ಒಂದೊಂದು ಗಂಟೂ ಗೊತ್ತು, ಉಗುರು ಕತ್ತರಿಸಿದವಳು ಅವಳೇ. ಇದಕ್ಕೆ ಬೇಡ ಎನ್ನುವ ದೇವರನ್ನು ಅವಳು ಕಂಡಿರಲಿಲ್ಲ. ಬಾಯಿ ತೆರೆದಳು.

"ಇವಳು ಇರ್ತಾಳೆ" ಎಂದ ಮುದುಕ ಅಣ್ಣನಿಗೆ. "ಹಿಂಗೇ ಇರ್ತಾಳೆ. ನಂಗೆ ಅವಳ ದೇವರು ಬೇಡ. ಅವಳು ಬೇಕು."

ಅಸಾನಾಲಿ ಎದ್ದು ಕುದುರೆಯ ಕಡೆ ನಡೆದ. ಹೋಗುವಾಗ, ಸತ್ತರೆ ಇವಳಿಗೆ ನಮ್ಮ ಸ್ಮಶಾನದಲ್ಲಿ ಆರಡಿ ಜಾಗ ಸಿಗುವುದಿಲ್ಲ, ನೆನಪಿರಲಿ ಎಂದ. ಅದು ಬಾಯಿಮಾತಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಬಯಲಿನಲ್ಲಿ ಬೇರೆ ನಂಬಿಕೆಯವರ ಹೆಣ ಹೊತ್ತು ಊರೂರು ತಿರುಗಿದ್ದನ್ನು ಅವರೆಲ್ಲ ಕೇಳಿದ್ದರು. ಬುರುಲ್‌ಗೂ ಗೊತ್ತಿತ್ತು. ಮೇರಿಮ್ ಅವಳ ಕೊರಳಿಗೆ ಜೋತು, ನಂಗೂ ಒಂದು ತುತ್ತು ಎಂದು ತಾತನಿಗೆ ಬಾಯಿ ತೆರೆದಳು.

ಅಸಾನಾಲಿಯ ಮನೆಯವರು ಆಮೇಲೆ ಈ ಮನೆಯ ಹೊಸಿಲು ತುಳಿಯಲಿಲ್ಲ. ಹುಲ್ಲುಗಾವಲಿಗೆ ಹೋಗುವ ಕಾಲ ಬಂದಾಗ ಈ ಮನೆಯ ಕುರಿಗಳನ್ನು ತಮ್ಮವುಗಳ ಜೊತೆಗೆ ಹೊಡೆದುಕೊಂಡು ಹೋಗಲೂ ಒಪ್ಪಲಿಲ್ಲ. ಮಕ್ಸಾತ್ ವ್ಯಾನು ಬಿಟ್ಟು ತಾನೇ ಹೋಗಬೇಕಾಯಿತು. ವ್ಯಾನಿನ ಸಂಪಾದನೆ ನಿಂತು ಬೇಸಿಗೆಯಿಡೀ ಮನೆಯಲ್ಲಿ ಟೀಗೆ ಸಕ್ಕರೆ ಕಡಿಮೆಯಾಯಿತು. ಅತ್ತೆ ಅದಕ್ಕೂ ಗೊಣಗಿದಳು. ಆದರೆ ಹರಕೆಯೂಟದ ಮುಂದಿನ ಭಾನುವಾರ ಬುರುಲ್ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಾಗ ಅತ್ತೆ ಒಲೆಯ ಮುಂದಿನಿಂದ ಕೂಗಿ ನಿಲ್ಲಿಸಿದಳು. ಆಗಷ್ಟೇ ಎಣ್ಣೆಯಿಂದ ತೆಗೆದ ಉಬ್ಬುರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಟ್ಟಳು.

"ಬರಿಗೈಲಿ ಹೋಗ್ಬೇಡ. ಇಂಥ ಮನೆ ಸೊಸೆ ಕೈಬೀಸ್ಕೊಂಡು ಬಂದ್ಲು ಅಂತ ನಿಮ್ಮ ಹೆಂಗಸರು ಆಡ್ಕೊಂಡಾರು" ಎಂದಳು. "ಬಟ್ಟೆ ವಾಪಸ್ ತಾ. ಅದು ಒಳ್ಳೇದು."

ಗಂಟು ಬಿಸಿಯಾಗಿತ್ತು. ಬುರುಲ್ ಅದನ್ನು ಎದೆಗೆ ಒತ್ತಿ ಹಿಡಿದು ಅಂಗಳ ದಾಟಿದಳು. ಪಾಪ್ಲರ್ ಮರಗಳ ಬಿಳಿ ಹತ್ತಿ ಬೀದಿಯಲ್ಲೆಲ್ಲ ತೇಲುತ್ತಿತ್ತು, ನೆಲಕ್ಕೆ ಇಳಿಯಲು ಅದಕ್ಕೆ ಯಾವ ಅವಸರವೂ ಇರಲಿಲ್ಲ. ಬೇಲಿಯ ಮೇಲೆ ಕಂಬಳಿ ಒಣಹಾಕುತ್ತಿದ್ದ ನೆರೆಯವಳು ಎಲ್ಲಿಗೆ ಎಂದು ಹುಬ್ಬಿನಲ್ಲೇ ಕೇಳಿದಳು.

"ಪ್ರಾರ್ಥನೆಗೆ" ಎಂದು ಬುರುಲ್ ನಡೆಯುತ್ತಲೇ ಹೇಳಿದಳು. ಗಂಟಿನ ಬಿಸಿ ಅಂಗಿಯ ಒಳಗಿನವರೆಗೂ ಇಳಿಯುತ್ತಿತ್ತು.